ಎಣಿಕೆ ಮೊದಲು, ಹೆಸರು ಅನಂತರ

ಕೆಲವು ವರ್ಷಗಳ ಹಿಂದೆ, ಕಯ್ಯೂರಿನ ಪ್ರಕರಣವನ್ನು ತರಗತಿಯಲ್ಲಿ ವಿವರಿಸುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, "ಸರ್, ಗಲ್ಲಿಗೇರಿದ ಆ ನಾಲ್ವರು ಹುತಾತ್ಮರೋ ಕೊಲೆಗಾರರೋ? ಪರೀಕ್ಷೆಯಲ್ಲಿ ಏನೆಂದು ಬರೆಯಬೇಕು?" ಎಂದು ಕೇಳಿದನು. ಪುಸ್ತಕದಲ್ಲಿದ್ದಂತೆ ಬರೆದರಾಯಿತೆಂದು ನಾವು ಹೇಳಿದೆವು. ಗಂಟೆ ಬಾರಿಸಿತು, ಪಾಠ ಮುಗಿಯಿತು. ಆದರೆ ನಾವು ಕೊಟ್ಟುದು ಉತ್ತರವಲ್ಲವೆಂಬುದನ್ನು ಆ ಹುಡುಗನೂ ಅರಿತಿದ್ದನು, ನಾವೂ ಅರಿತಿದ್ದೆವು. ಆ ದಿನ ಉಳಿಸಿಕೊಂಡ ಸಾಲವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ಪ್ರಶ್ನೆಯು ಮೇಲ್ನೋಟಕ್ಕೆ ನಮ್ಮ ಊರಿನದು. ಆದರೆ ಇದರ ವ್ಯಾಪ್ತಿ ದೊಡ್ಡದು. ಹಿಂಸೆಯನ್ನು ಕುರಿತು ವಿಚಾರಿಸಿ, ಯಾವುದನ್ನು ಭಯೋತ್ಪಾದನೆಯೆನ್ನಬೇಕು, ಯಾವುದನ್ನು ದಂಗೆಯೆನ್ನಬೇಕು, ಯಾವುದನ್ನು ಕೇವಲ ಅಪರಾಧವೆನ್ನಬೇಕು ಎಂದು ವಿಂಗಡಿಸಿ ವರದಿ ಬರೆಯುವ ಸಂಶೋಧನ ಸಂಸ್ಥೆಗಳು ಇಂದು ಲೋಕದ ತುಂಬ ಇವೆ. ಅವುಗಳ ವರದಿಗಳನ್ನು ಸರಕಾರಗಳು ಓದುತ್ತವೆ. ಪತ್ರಿಕೆಗಳು ಅವನ್ನು ಉದ್ಧರಿಸುತ್ತವೆ. ಕಾನೂನುಗಳು ಅವುಗಳ ಬೆಂಬಲದಿಂದ ಹುಟ್ಟುತ್ತವೆ. ಇಂತಹ ಸಂಸ್ಥೆಗಳು ರಾಜಕೀಯ ಪಕ್ಷಪಾತಕ್ಕೆ ಒಳಗಾಗುತ್ತವೆಯೆ? ಒಳಗಾದರೆ ಆ ಪಕ್ಷಪಾತವು ಎಲ್ಲಿ ಅಡಗಿರುತ್ತದೆ? ಮನೆಯಲ್ಲಿ ಕುಳಿತು ವರದಿಯನ್ನೋದುವ ಸಾಮಾನ್ಯನು ಅದನ್ನು ಹೇಗೆ ಗುರುತಿಸಬೇಕು? ಇವು ನೀತಿಶಾಸ್ತ್ರದ ಪ್ರಶ್ನೆಗಳೂ ಹೌದು. ಮನುಷ್ಯನ ಕೃತ್ಯಕ್ಕೆ ಹೆಸರಿಡುವವನು ಆ ಮನುಷ್ಯನ ಭವಿಷ್ಯವನ್ನು ಅರ್ಧ ತೀರ್ಮಾನಿಸಿದಂತೆಯೇ ಸರಿ.

ಮೊದಲು ಕಯ್ಯೂರನ್ನೇ ನೋಡೋಣ. ೧೯೪೧ರಲ್ಲಿ ಈ ಗ್ರಾಮವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ಜಮೀನುದಾರರ ಸುಲಿಗೆಯ ವಿರುದ್ಧ ರೈತರು ಸಂಘಕಟ್ಟಿದ್ದರು. ಮಾರ್ಚ್ ತಿಂಗಳ ಕೊನೆಯಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೊಡೆದು ಕೆಲವರನ್ನು ಹಿಡಿದೊಯ್ದರು. ಅದನ್ನು ಪ್ರತಿಭಟಿಸಿ ಮಾರ್ಚ್ ೨೮ರಂದು ಹೊರಟ ಮೆರವಣಿಗೆಯ ದಾರಿಯಲ್ಲಿ ಸುಬ್ಬರಾಯನೆಂಬ ಪೊಲೀಸು ಪೇದೆ ಸಿಕ್ಕಿಬಿದ್ದನು. ಗುಂಪು ಆತನ ಕೈಗೆ ಕೆಂಪು ಬಾವುಟವನ್ನು ಕೊಟ್ಟು ಮುಂದೆ ನಡೆಸಿತು. ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ ಆತನ ಮೇಲೆ ಕಲ್ಲುಗಳು ಬಿದ್ದುವು. ಆತನು ನೀರಿನಲ್ಲಿಯೇ ಪ್ರಾಣಬಿಟ್ಟನು. ಮಂಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರನ್ನು ೧೯೪೩ರ ಮಾರ್ಚ್ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಅಂದಿನ ಸರಕಾರದ ಕಡತವು ಅವರನ್ನು ಕೊಲೆಪಾತಕಿಗಳೆಂದು ಕರೆಯಿತು. ೧೯೫೫ರಲ್ಲಿ ನಿರಂಜನರು ಈ ಘಟನೆಯನ್ನೇ ವಸ್ತುವಾಗಿಟ್ಟುಕೊಂಡು 'ಚಿರಸ್ಮರಣೆ'ಯನ್ನು ಬರೆದರು. ಕನ್ನಡದ ವಾಚಕನಿಗೆ ಅವರು ವೀರರಾದರು. ನದಿ ಅದೇ, ಹೆಣಗಳು ಅವೇ. ಹೆಸರು ಮಾತ್ರ ಬೇರೆ. ಕಾದಂಬರಿಕಾರನಿಗೆ ಪಕ್ಷವಹಿಸುವ ಹಕ್ಕುಂಟು. ಆತನು ತನ್ನ ಪಕ್ಷವನ್ನು ಮರೆಮಾಚುವುದೂ ಇಲ್ಲ. ಕಡತ ಬರೆಯುವವನಾದರೋ ತಾನು ಪಕ್ಷಾತೀತನೆಂದು ಹೇಳಿಕೊಂಡೇ ಲೇಖನಿ ಹಿಡಿಯುತ್ತಾನೆ. ಆದುದರಿಂದ ನಾವು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕಾದುದು ಅವನನ್ನೇ.

ಹಿಂಸೆಯನ್ನು ಕುರಿತ ಸರಕಾರೀ ಸಂಶೋಧನೆಗೆ ನಮ್ಮ ದೇಶದಲ್ಲಿ ಹಳೆಯ ಉದಾಹರಣೆಯೊಂದುಂಟು. ೧೯೧೭ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರವು ನ್ಯಾಯಾಧೀಶ ಸಿಡ್ನಿ ರೌಲಟ್ಟನ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮದರಾಸಿನ ಕುಮಾರಸ್ವಾಮಿ ಶಾಸ್ತ್ರಿ, ಬಂಗಾಲದ ಪ್ರಭಾಸಚಂದ್ರ ಮಿತ್ರ ಎಂಬ ಇಬ್ಬರು ಭಾರತೀಯರೂ ಅದರಲ್ಲಿದ್ದರು. ಸಮಿತಿಯು ಬಹುಮಟ್ಟಿಗೆ ಕಲ್ಕತ್ತೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಸರಕಾರವೇ ಒದಗಿಸಿದ ಕಾಗದಪತ್ರಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ವಿಚಾರಣೆ ನಡೆಸಿ, ೧೯೧೮ರಲ್ಲಿ ವರದಿಯೊಪ್ಪಿಸಿತು. ಮರುವರ್ಷ ರೌಲಟ್ ಕಾಯಿದೆ ಬಂತು; ಕೇಂದ್ರ ಶಾಸನಸಭೆಯ ಸರಕಾರೇತರ ಭಾರತೀಯ ಸದಸ್ಯರು ಒಕ್ಕೊರಲಿನಿಂದ ವಿರೋಧಿಸಿದರೂ ಬಂತು. ಅದರ ಬೆನ್ನಿಗೇ ಸತ್ಯಾಗ್ರಹ, ಅದರ ಬೆನ್ನಿಗೆ ೧೯೧೯ರ ಏಪ್ರಿಲ್ ೧೩ರ ಜಲಿಯನ್‌ವಾಲಾ ಬಾಗ್. ೧೯೨೨ರಲ್ಲಿ ಸರಕಾರವು ಆ ಕಾಯಿದೆಯನ್ನು ತಾನೇ ಹಿಂದೆಗೆದುಕೊಂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ರೌಲಟ್ ವರದಿಯು ಸುಳ್ಳಿನ ಕಂತೆಯಾಗಿರಲಿಲ್ಲ. ಅದರಲ್ಲಿ ಹೇಳಿದ ಬಾಂಬುಗಳು ನಿಜವಾಗಿಯೂ ಸಿಡಿದಿದ್ದುವು, ದರೋಡೆಗಳು ನಡೆದಿದ್ದುವು, ಇಂದಿನ ಇತಿಹಾಸಕಾರರೂ ಆ ವರದಿಯಿಂದ ವಿವರಗಳನ್ನು ಎತ್ತಿಕೊಳ್ಳುತ್ತಾರೆ. ಹಾಗಾದರೆ ತಪ್ಪೆಲ್ಲಿತ್ತು? ಸಮಿತಿಗೆ ಒಪ್ಪಿಸಿದ ಪ್ರಶ್ನೆಯಲ್ಲಿಯೇ ಇತ್ತು. ಕ್ರಾಂತಿಕಾರರ ಒಳಸಂಚುಗಳ ಸ್ವರೂಪವೇನು, ವಿಸ್ತಾರವೆಷ್ಟು, ಅವನ್ನು ಅಡಗಿಸಲು ಎಂತಹ ಕಾನೂನು ಬೇಕು ಎಂಬುದಷ್ಟೇ ಅದಕ್ಕೆ ಕೊಟ್ಟ ಕೆಲಸ. ತರುಣರು ಏತಕ್ಕಾಗಿ ಬಾಂಬು ಹಿಡಿದರೆಂದು ಕೇಳುವ ಹೊಣೆಯನ್ನು ಅದಕ್ಕೆ ಯಾರೂ ವಹಿಸಿರಲಿಲ್ಲ. ಸರಕಾರದ ಕಡೆಯಿಂದ ನಡೆದ ಹಿಂಸೆಯನ್ನು ಲೆಕ್ಕಹಾಕುವ ಹೊಣೆಯಂತೂ ದೂರದ ಮಾತು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲದಿರಬಹುದು, ಆದರೆ ಬರೆದುಕೊಡುವಾಗ ಲೆಕ್ಕದ ಅರ್ಧಭಾಗವನ್ನು ಬಿಟ್ಟು ಕೊಟ್ಟಿದ್ದರೆ ಉತ್ತರವು ಹೇಗೆ ಸರಿಯಾದೀತು? ಸುಳ್ಳು ಹೇಳದೆಯೂ ಪಕ್ಷಪಾತ ಮಾಡಬಹುದೆಂಬುದಕ್ಕೆ ಇದಕ್ಕಿಂತ ಮೇಲಾದ ನಿದರ್ಶನ ಬೇಕಿಲ್ಲ.

ಇನ್ನು ಇಂದಿನ ಸಂಸ್ಥೆಗಳಿಗೆ ಬರೋಣ. ಅಮೆರಿಕದ ರ‍್ಯಾಂಡ್ ಸಂಸ್ಥೆಯು ೧೯೭೨ರ ಹೊತ್ತಿಗೇ ಅಂತರರಾಷ್ಟ್ರೀಯ ಭಯೋತ್ಪಾದನೆಯ ಅಧ್ಯಯನವನ್ನು ಆರಂಭಿಸಿತು. ದಿಲ್ಲಿಯಲ್ಲಿ ರಕ್ಷಣಾ ಸಚಿವಾಲಯದ ಹಣದಿಂದ ನಡೆಯುವ ರಕ್ಷಣಾ ಅಧ್ಯಯನ ಸಂಸ್ಥೆಯು ೧೯೬೫ರಲ್ಲಿ ಸ್ಥಾಪಿತವಾಯಿತು. ರಿಲಯನ್ಸ್ ಉದ್ಯಮದ ನೆರವು ಪಡೆದ ಅಬ್ಸರ್ವರ್ ರಿಸರ್ಚ್ ಫೌಂಡೇಶನ್ ೧೯೯೦ರದು. ಪಂಜಾಬಿನ ಪೊಲೀಸು ಮುಖ್ಯಾಧಿಕಾರಿಯಾಗಿದ್ದ ಕೆ. ಪಿ. ಎಸ್. ಗಿಲ್ ಅವರು ೧೯೯೭ರಲ್ಲಿ ಕಟ್ಟಿದ ಸಂಸ್ಥೆಯು ದಕ್ಷಿಣ ಏಷ್ಯದ ಹಿಂಸೆಯ ಅಂಕಿ ಅಂಶಗಳನ್ನು ಪ್ರಕಟಿಸುತ್ತ ಬಂದಿದೆ. ೨೦೦೯ರಲ್ಲಿ ಆರಂಭವಾದ ವಿವೇಕಾನಂದ ಇಂಟರ್‌ನ್ಯಾಶನಲ್ ಫೌಂಡೇಶನ್ನಿನ ಮೊದಲ ನಿರ್ದೇಶಕರಾದ ಅಜಿತ್ ದೋವಲ್ ಅವರು ೨೦೧೪ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಹೀಗೆ ಹೇಳಿದ ಮಾತ್ರಕ್ಕೆ ಇವೆಲ್ಲವೂ ಅಪ್ರಾಮಾಣಿಕವೆಂದು ನಮ್ಮ ಅಭಿಪ್ರಾಯವಲ್ಲ. ಇವುಗಳ ಅಂಕಿಗಳನ್ನು ಇವುಗಳ ವಿರೋಧಿಗಳೂ ಬಳಸುವುದುಂಟು; ಪೊಲೀಸನಾಗಿದ್ದವನಿಗೆ ತಿಳಿದ ವಿಷಯ ಪಂಡಿತನಿಗೆ ತಿಳಿಯದೆಯೂ ಇರಬಹುದು. ನಾವು ಹೇಳುವುದಿಷ್ಟೇ: ಅನ್ನವಿಕ್ಕಿದ ಮನೆಯ ಲೆಕ್ಕವನ್ನು ಪರಿಶೀಲಿಸಲು ಊಟಮಾಡಿದವನು ಹಿಂಜರಿಯುವುದು ಸ್ವಾಭಾವಿಕ. ಅವನು ಬರೆದುದನ್ನು ಓದುವಾಗ ಓದುಗನು ಆ ಮನೆಯ ಹೆಸರನ್ನು ತಿಳಿದಿರಬೇಕು.

ಹಣಕ್ಕಿಂತಲೂ ಸೂಕ್ಷ್ಮವಾದುದು ವ್ಯಾಖ್ಯೆಯ ಪ್ರಶ್ನೆ. ಭಯೋತ್ಪಾದನೆಯೆಂದರೇನು? ೧೯೮೦ರ ದಶಕದಲ್ಲಿ ಅಲೆಕ್ಸ್ ಷ್ಮಿಡ್ ಎಂಬ ವಿದ್ವಾಂಸರು ಈ ಪದಕ್ಕೆ ವಿವಿಧರು ಕೊಟ್ಟ ೧೦೯ ವ್ಯಾಖ್ಯೆಗಳನ್ನು ಒಟ್ಟುಗೂಡಿಸಿದರು. ಈ ವಿಷಯದಲ್ಲಿ ಸಮಗ್ರ ಒಡಂಬಡಿಕೆಯೊಂದು ಬೇಕೆಂದು ಭಾರತವು ೧೯೯೬ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡನ್ನಿಟ್ಟಿತು. ವ್ಯಾಖ್ಯೆಯ ಬಗೆಗೆ ರಾಷ್ಟ್ರಗಳಲ್ಲಿ ಒಮ್ಮತ ಮೂಡದೆ ಅದು ಇಂದಿಗೂ ಅಂಗೀಕಾರವಾಗಿಲ್ಲ. ಒಬ್ಬನ ಬಂಡುಕೋರನು ಇನ್ನೊಬ್ಬನ ಬಂಧುವಾಗಿರುವಾಗ ಒಮ್ಮತ ಮೂಡುವುದಾದರೂ ಹೇಗೆ?

ವ್ಯಾಖ್ಯೆಯಂತೆಯೇ ಎಣಿಕೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯವು ೧೯೭೦ರಿಂದೀಚಿನ ಎರಡು ಲಕ್ಷಕ್ಕೂ ಮಿಕ್ಕ ಘಟನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಲೋಕದ ಎಷ್ಟೋ ವರದಿಗಳು ಇದರ ಮೇಲೆ ನಿಂತಿವೆ. ಇದರ ಮೂಲವು ಪಿಂಕರ್ಟನ್ ಎಂಬ ಖಾಸಗಿ ಕಾವಲು ಸಂಸ್ಥೆಯು ಕೂಡಿಟ್ಟ ಚೀಟಿಗಳು. ಆ ಸಂಸ್ಥೆಯು ಕಛೇರಿ ಬದಲಾಯಿಸುವಾಗ ೧೯೯೩ನೆಯ ಇಸವಿಯ ಚೀಟಿಗಳು ಕಳೆದುಹೋದುವು. ಸಿದ್ಧಪಡಿಸಿದವರು ಆ ಲೋಪವನ್ನು ಬಚ್ಚಿಡದೆ ಬಹಿರಂಗವಾಗಿ ಹೇಳಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಆ ಪಟ್ಟಿಯ ನಿಯಮವನ್ನು ನೋಡಿರಿ: ಸರಕಾರಗಳು ತಮ್ಮ ಸೈನ್ಯ, ಪೊಲೀಸುಗಳ ಮೂಲಕ ನಡೆಸಿದ ಹಿಂಸೆಯು ಅದರಲ್ಲಿ ಸೇರುವುದಿಲ್ಲ. ಈ ಅಳತೆಯಂತೆ ಕಯ್ಯೂರಿನ ಹೊಳೆಯ ಸಾವು ಪಟ್ಟಿಗೆ ಬಂದೀತು. ಅದಕ್ಕೆ ಮುಂಚೆ ಮನೆಗೆ ನುಗ್ಗಿ ಹೊಡೆದುದು ಬಾರದು. ನಿಯಮವನ್ನು ಮೊದಲೇ ಹೇಳಿರುವುದರಿಂದ ಇದು ಮೋಸವಲ್ಲ. ನಿಯಮವನ್ನು ಮರೆತು, ಆ ಪಟ್ಟಿಯೇ ಲೋಕದ ಹಿಂಸೆಯ ಪೂರ್ಣ ಲೆಕ್ಕವೆಂದು ಭಾವಿಸುವವನು ಮಾತ್ರ ತನಗೆ ತಾನೇ ಮೋಸಮಾಡಿಕೊಂಡಂತೆ.

ಮೂರನೆಯದಾಗಿ, ಒಂದು ಮಾತು ಬಾಯಿಂದ ಬಾಯಿಗೆ ತಿರುಗಿ ಪ್ರಮಾಣವಾಗುವ ಬಗೆ. ೧೯೮೧ರಲ್ಲಿ ಕ್ಲೇರ್ ಸ್ಟರ್ಲಿಂಗ್ ಎಂಬ ಪತ್ರಕರ್ತೆಯು, ಲೋಕದ ಭಯೋತ್ಪಾದನೆಯ ಹಿಂದೆ ಸೋವಿಯತ್ ರಷ್ಯದ ಬೆಂಬಲವಿದೆಯೆಂದು ಪ್ರತಿಪಾದಿಸುವ ಗ್ರಂಥವೊಂದನ್ನು ಬರೆದಳು. ಅಮೆರಿಕದ ಗುಪ್ತಚಾರ ಇಲಾಖೆಯ ಮುಖ್ಯಸ್ಥ ವಿಲಿಯಂ ಕೇಸಿಯು ಅದನ್ನೋದಿ ಮೆಚ್ಚಿ ತನ್ನ ಅಧಿಕಾರಿಗಳ ಮುಂದಿಟ್ಟನು. ಆ ಗ್ರಂಥದ ಕೆಲವು ಆಧಾರಗಳು ತಮ್ಮ ಇಲಾಖೆಯೇ ಹಿಂದೆ ಐರೋಪ್ಯ ಪತ್ರಿಕೆಗಳಲ್ಲಿ ಹರಡಿಸಿದ್ದ ಕಟ್ಟುಕತೆಗಳೆಂದು ಆ ಅಧಿಕಾರಿಗಳು ತಿಳಿಸಬೇಕಾಯಿತೆಂದು ಅವರಲ್ಲೊಬ್ಬರು ಮುಂದೆ ಬಹಿರಂಗಪಡಿಸಿದರು. ತಾನೇ ಬಿತ್ತಿದ ಕಳೆಯನ್ನು ತಾನೇ ಕೊಯ್ದು ಬೆಳೆಯೆಂದು ಕಣಜಕ್ಕೆ ತುಂಬಿದಂತಾಯಿತು.

ನಮ್ಮ ಜಿಲ್ಲೆಯೂ ಇಂತಹ ಬರೆಹಗಳ ವಸ್ತುವಾದುದುಂಟು. ೨೦೧೬ರಲ್ಲಿ ಕೇರಳದಿಂದ ೨೧ ಮಂದಿ, ಸ್ತ್ರೀಯರು ಮಕ್ಕಳು ಸೇರಿ, ಇಸ್ಲಾಮಿಕ್ ಸ್ಟೇಟ್ ಎಂಬ ಹಿಂಸಕ ಕೂಟವನ್ನು ಸೇರಲು ಅಫಘಾನಿಸ್ತಾನಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ಪಡನ್ನ, ತೃಕರಿಪುರಗಳ ಸುತ್ತಿನವರು. ಇದು ನಡೆದ ಸಂಗತಿ. ಇದನ್ನು ಅಲ್ಲಗಳೆಯುವುದೂ ಒಂದು ಪಕ್ಷಪಾತವೇ. ಮೊದಲು ಪೊಲೀಸರಲ್ಲಿಗೆ ಹೋಗಿ ದೂರಿತ್ತವರು ಹೋದವರ ಮನೆಯವರೇ ಎಂಬುದನ್ನೂ ಮರೆಯಬಾರದು. ಅನಂತರ ಕಾಸರಗೋಡೆಂಬ ಹೆಸರು ದೂರದೂರದ ಸಂಶೋಧಕರ ಪ್ರಬಂಧಗಳಲ್ಲಿ ಕಾಣಿಸಿಕೊಂಡಿತು. ೨೦೧೧ರ ಜನಗಣತಿಯಂತೆ ಈ ಜಿಲ್ಲೆಯ ಜನಸಂಖ್ಯೆ ೧೩,೦೭,೩೭೫. ಇಷ್ಟು ಜನರ ನಡುವೆ ಎರಡು ಡಜನಿಗಿಂತ ಕಡಿಮೆ ಮಂದಿಯ ಕೃತ್ಯವನ್ನು ಒಂದು ಜಿಲ್ಲೆಯ ಲಕ್ಷಣವೆಂದು ಬರೆಯಬಹುದೆ? ಬರೆಯುವ ಮೊದಲು ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿಡುವುದು ಸಂಶೋಧಕನ ಕನಿಷ್ಠ ಧರ್ಮ.

ಎಣಿಕೆಯನ್ನು ಬಿಟ್ಟು ಹೊರಟರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತವೂ ದೊರೆಯಿತು. ನಮ್ಮ ಜಿಲ್ಲೆಯ ದಾದಿಯರ ಕಾಲೇಜೊಂದನ್ನು ಕಥೆಯ ನೆಲೆಯಾಗಿಟ್ಟುಕೊಂಡ 'ದಿ ಕೇರಳ ಸ್ಟೋರಿ' ಎಂಬ ಚಲನಚಿತ್ರದ ಪ್ರಚಾರದಲ್ಲಿ ೩೨,೦೦೦ ಯುವತಿಯರ ಮಾತು ಬಂದಿತ್ತು. ಆಮೇಲೆ ಪ್ರಚಾರದ ವಿವರಣೆಯಲ್ಲಿ ಆ ಸಂಖ್ಯೆಯು ಮೂರಕ್ಕಿಳಿಯಿತು. ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲವೆಂದು ಚಿತ್ರದಲ್ಲಿಯೇ ಸೂಚನೆ ಹಾಕಬೇಕೆಂದು ೨೦೨೩ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಚಿತ್ರವು ಸಂಶೋಧನೆಯಲ್ಲ, ನಿಜ. ಆದರೆ ಸಂಶೋಧನೆಯು ಮೌನವಾಗಿರುವೆಡೆ ಅಥವಾ ಉಡಾಫೆಯಾಗಿರುವೆಡೆ ಜನರು ಸಂಖ್ಯೆಯನ್ನು ಎಲ್ಲಿಂದಲಾದರೂ ತಂದುಕೊಳ್ಳುತ್ತಾರೆ. ಮಂಗಳೂರಿನ ವಿದ್ಯಾರ್ಥಿನಿಲಯದಲ್ಲಿ "ಯಾವೂರು?" ಎಂಬ ಪ್ರಶ್ನೆಗೆ ನಮ್ಮ ಮಕ್ಕಳು "ಕಾಸರಗೋಡು" ಎಂದುತ್ತರಿಸಿದಾಗ ಕೇಳಿದವನು ಒಂದು ಕ್ಷಣ ಸುಮ್ಮನಾಗುವುದುಂಟು. ಆ ಒಂದು ಕ್ಷಣದ ಮೌನಕ್ಕೆ ಬೆಲೆ ತೆರುವವರು ವರದಿ ಬರೆದವರಲ್ಲ.

ಇದೇ ಜಿಲ್ಲೆಯಲ್ಲಿ ೨೦೧೭ರ ಮಾರ್ಚಿನಲ್ಲಿ ಚೂರಿಯ ಮದ್ರಸದ ಅಧ್ಯಾಪಕರೊಬ್ಬರನ್ನು ರಾತ್ರಿ ಕೊಲ್ಲಲಾಯಿತು. ಆಪಾದಿತರು ೨೦೨೪ರಲ್ಲಿ ವಿಚಾರಣಾ ನ್ಯಾಯಾಲಯದಿಂದ ಬಿಡುಗಡೆ ಹೊಂದಿದರು. ೨೦೧೯ರ ಫೆಬ್ರವರಿಯಲ್ಲಿ ಪೆರಿಯದ ಬಳಿ ಒಂದು ರಾಜಕೀಯ ಪಕ್ಷದ ಇಬ್ಬರು ತರುಣರನ್ನು ಕಡಿದು ಕೊಲ್ಲಲಾಯಿತು. ಮೊದಲನೆಯದನ್ನು ಕೋಮುದ್ವೇಷವೆಂದೂ ಎರಡನೆಯದನ್ನು ರಾಜಕೀಯ ವೈರವೆಂದೂ ಪತ್ರಿಕೆಗಳು ಬರೆದುವು. ಇವಕ್ಕೂ ಭಯೋತ್ಪಾದನೆಯೆಂಬ ಹೆಸರೇ ಸಲ್ಲಬೇಕೆಂದು ನಾವು ವಾದಿಸುತ್ತಿಲ್ಲ. ಯಾವ ಅಳತೆಗೋಲಿನಿಂದ ಒಂದಕ್ಕೆ ಆ ಹೆಸರು, ಇನ್ನೊಂದಕ್ಕೆ ಈ ಹೆಸರು ಬಂತೆಂಬುದನ್ನು ಹೆಸರಿಡುವವನು ಹೇಳಬೇಕು; ಮತ್ತು ಕೊಂದವನ ಕುಲ ಪಕ್ಷಗಳನ್ನು ಅದಲು ಬದಲು ಮಾಡಿದರೂ ಅದೇ ಅಳತೆಗೋಲನ್ನು ಹಿಡಿಯುವೆನೆಂದು ಎದೆ ಮುಟ್ಟಿ ಹೇಳಬಲ್ಲವನಾಗಿರಬೇಕು.

ಸರಕಾರದ ಕಡೆ ವಾಲಿದವರನ್ನಷ್ಟೇ ನಾವು ದೂರಿದರೆ ಅದು ಅರ್ಧ ನ್ಯಾಯವಾದೀತು. ಸರಕಾರವು ಹೇಳಿದುದೆಲ್ಲ ಸುಳ್ಳು, ಸರಕಾರಕ್ಕೆ ಇದಿರಾಗಿ ನಿಂತವನು ಮಾಡಿದುದೆಲ್ಲ ಕ್ಷಮ್ಯ ಎಂದು ಮೊದಲೇ ನಿಶ್ಚಯಿಸಿಕೊಂಡು ಲೇಖನಿ ಹಿಡಿಯುವ ವಿದ್ವಾಂಸರೂ ಇದ್ದಾರೆ. ಕಯ್ಯೂರಿನ ನಾಲ್ವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಸುಬ್ಬರಾಯನ ಹೆಸರು ತಿಳಿದಿರಲಿಲ್ಲ. ಆತನು ಪರಕೀಯ ಸರಕಾರದ ಸಂಬಳ ತಿನ್ನುವ ಬಡ ಪೇದೆ. ಕಲ್ಲುಗಳ ನಡುವೆ ಉಸಿರಿಗಾಗಿ ಹೊಡೆದಾಡಿದ ಆ ಕ್ಷಣದಲ್ಲಿ ಆತನು ಸಾಮ್ರಾಜ್ಯದ ಪ್ರತಿನಿಧಿಯಾಗಿರಲಿಲ್ಲ, ಒಬ್ಬ ಮನುಷ್ಯನಾಗಿದ್ದನು.

ಈಗ ನಮ್ಮ ಕಡೆಗೇ ಬೆರಳು ತಿರುಗಿಸೋಣ. ಗಡಿನಾಡ ಕನ್ನಡಿಗರಾದ ನಮಗೆ ವಿಚಾರಣಾ ಮಂಡಲಿಗಳ ಪಕ್ಷಪಾತವೆಂದರೆ ಪುಸ್ತಕದ ಮಾತಲ್ಲ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಎಂಬ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ ಕೊಟ್ಟ ವರದಿಯಂತೆ ಕಾಸರಗೋಡು ತಾಲೂಕು ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿತು. ಅಧ್ಯಕ್ಷರಾದ ಫಜಲ್ ಅಲಿಯವರು ಬಿಹಾರದೊಡನೆ ತಮಗಿದ್ದ ದೀರ್ಘ ಸಂಬಂಧವನ್ನು ತಿಳಿಸಿ, ಬಿಹಾರದ ಗಡಿವಿವಾದಗಳ ನಿರ್ಣಯದಲ್ಲಿ ತಾವು ಭಾಗವಹಿಸದೆ ದೂರವುಳಿದರು. ಮಲಯಾಳಿಗಳಾದ ಪಣಿಕ್ಕರರೂ ನಮ್ಮ ವಿಷಯದಲ್ಲಿ ಹಾಗೆ ಮಾಡಬೇಕಿತ್ತೆಂಬುದು ನಮ್ಮ ಹಿರಿಯರ ಕೊರಗು. ಆ ಕೊರಗಿನಲ್ಲಿ ನ್ಯಾಯವಿದೆ. ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಸಲಹೆ ಮಾಡಿದಾಗ ನಾವು ಅದನ್ನು ನಿಷ್ಪಕ್ಷಪಾತದ ಮಾದರಿಯೆಂದು ಹೊಗಳಿದೆವು. ಅದೇ ವರದಿಯು ಬೆಳಗಾವಿಯನ್ನು ಮೈಸೂರಿನಲ್ಲಿಯೇ ಉಳಿಸಿದುದಕ್ಕಾಗಿ ಮಹಾರಾಷ್ಟ್ರದವರು ಅದನ್ನು ಪಕ್ಷಪಾತವೆಂದು ತಳ್ಳಿಹಾಕಿದರು, ಕೇರಳವೂ ಒಪ್ಪಲಿಲ್ಲ. ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಮಹಾಜನರು ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಬರೆದಿದ್ದರೆ, ಅವರ ವಿಚಾರಣೆಯ ರೀತಿ ಅದೇ ಆಗಿದ್ದರೂ, ನಾವು ಅವರನ್ನು ನಿಷ್ಪಕ್ಷಪಾತಿಗಳೆನ್ನುತ್ತಿದ್ದೆವೆ? ಪ್ರಾಮಾಣಿಕವಾಗಿ ಹೇಳುವುದಾದರೆ, ನಮಗೆ ಸಂಶಯವಿದೆ. ತೀರ್ಪು ನಮ್ಮ ಕಡೆಗೆ ಬಂದುದೇ ನ್ಯಾಯದ ಗುರುತೆಂದು ತಿಳಿಯುವ ನಾವು, ಅದೇ ರೋಗ ದಿಲ್ಲಿಯ ಸಂಸ್ಥೆಗೆ ತಗಲಿದೆಯೆಂದು ಕಿರುಚುವ ಮೊದಲು ನಮ್ಮ ನಾಡಿಯನ್ನು ಹಿಡಿದು ನೋಡಿಕೊಳ್ಳಬೇಕು.

ನಮ್ಮ ಪೂರ್ವಿಕರ ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿತು. ಸತ್ಯವನ್ನು ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಇದಿರಾಳಿಯನ್ನು ಕೆಡಹಲೆಂದೇ ನಡೆಸುವುದು ವಿತಂಡ. ಜಲ್ಪ ಮಾಡುವವನೂ ವಾದದ ವೇಷವನ್ನೇ ತೊಟ್ಟಿರುವುದರಿಂದ ಇವನ್ನು ಬೇರ್ಪಡಿಸುವುದು ಸುಲಭವಲ್ಲ. ಆದರೂ ಒಂದು ಉಪಾಯವನ್ನು ಆ ಶಾಸ್ತ್ರದ ಸಂಪ್ರದಾಯವೇ ಕೊಟ್ಟಿದೆ: ಪೂರ್ವಪಕ್ಷ. ಇದಿರಾಳಿಯ ಮಾತನ್ನು, ಅವನೇ ಒಪ್ಪುವಷ್ಟು ಚೆನ್ನಾಗಿ, ಮೊದಲು ಹೇಳಬೇಕು, ಅನಂತರವೇ ಸಿದ್ಧಾಂತ. ಭಯೋತ್ಪಾದನೆಯನ್ನು ಕುರಿತ ವರದಿಯೊಂದು ಕೈಗೆ ಬಂದಾಗ ನಾವು ಹುಡುಕಬೇಕಾದುದು ಇದನ್ನೇ. ಪೂರ್ವಪಕ್ಷವಿದೆಯೆ? ಹಣ ಯಾರದು? ಅಳತೆಗೋಲು ಯಾವುದು, ಅದು ಎಲ್ಲರಿಗೂ ಒಂದೇ ಆಗಿದೆಯೆ? ಪಟ್ಟಿಯಿಂದ ಹೊರಗುಳಿದ ಸಾವುಗಳಾವುವು? ಈ ಪ್ರಶ್ನೆಗಳಿಗೆ ಉತ್ತರವುಳ್ಳ ವರದಿಯು ನಮಗೆ ಅಪ್ರಿಯವಾದರೂ ಗೌರವಕ್ಕೆ ಅರ್ಹ. ಇಲ್ಲದ ವರದಿಯು ಪ್ರಿಯವಾದರೂ ಬದಿಗಿಡತಕ್ಕುದು. ಸಂಶೋಧನೆಯೆಂಬ ಪದದಲ್ಲಿ ಶುದ್ಧಿಯ ಅರ್ಥವೂ ಅಡಗಿದೆ. ಕಾಳನ್ನು ಶುದ್ಧಮಾಡ ಹೊರಟವಳು ಮೊದಲು ಮೊರವನ್ನು ಕೊಡವಿಕೊಳ್ಳುವಳಲ್ಲವೆ?

ಆ ಹುಡುಗನು ಈಗ ಎಲ್ಲಿರುವನೋ ನಾವರಿಯೆವು. ಅವನ ಜಾಗದಲ್ಲಿ ಇಂದು ಇನ್ನೊಬ್ಬನು ಕುಳಿತಿರುವನು. ನಾಳೆ ಅವನೂ ಎದ್ದುನಿಂತು ಅದನ್ನೇ ಕೇಳುವನು. ಆಗ ನಾವು ಹೇಳಬೇಕೆಂದಿರುವುದು ಹೀಗೆ: "ಮಗು, ಮೊದಲು ಎಣಿಸು. ೧೯೪೧ರ ಮಾರ್ಚ್ ೨೮ರಂದು ಹೊಳೆಯಲ್ಲಿ ಒಬ್ಬನು ಸತ್ತನು. ೧೯೪೩ರ ಮಾರ್ಚ್ ೨೯ರಂದು ಸೆರೆಮನೆಯಲ್ಲಿ ನಾಲ್ವರು ಸತ್ತರು. ಒಟ್ಟು ಐವರು. ಐವರ ಹೆಸರನ್ನೂ ಬರೆ. ಅವರಲ್ಲಿ ಪ್ರತಿಯೊಬ್ಬನೂ ಆ ಸ್ಥಳಕ್ಕೆ ಹೇಗೆ ಬಂದನೆಂಬುದನ್ನು ನಿನಗೆ ತಿಳಿದಷ್ಟು ಬರೆ. ಆಮೇಲೆ, ಹುತಾತ್ಮರೆಂದೋ ಕೊಲೆಗಾರರೆಂದೋ ನಿನ್ನ ಮನಸ್ಸಾಕ್ಷಿಗೆ ತೋರಿದ ಪದವನ್ನು ಬರೆದು, ಆ ಪದವನ್ನೇ ಏಕೆ ಆರಿಸಿಕೊಂಡೆಯೆಂದು ಒಂದು ವಾಕ್ಯ ಬರೆ."

ಹಾಗೆ ಬರೆದವನಿಗೆ, ಅವನು ಆರಿಸಿದ ಪದವು ನಾವು ಆರಿಸುವ ಪದವಲ್ಲದಿದ್ದರೂ, ಪೂರ್ಣ ಅಂಕಗಳನ್ನು ಕೊಡಲು ನಾವು ಸಿದ್ಧರಿದ್ದೇವೆ.